ಎಂಟು ಅಡಿ ದೂರದಿಂದ 4ಕೆ ಮುಖ್ಯವೇ, 60 ಫ್ರೇಮ್ ಮುಖ್ಯವೇ?

ವಿದ್ಯಾನಗರದವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ತಿಂಗಳಿನಿಂದ ಮುಗಿಯದೆ ಉಳಿದಿರುವ ಒಂದು ವಾದವನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಚಿತ್ರದುರ್ಗದಲ್ಲಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗ ಶನಿವಾರ ಸಂಜೆ ಬಂದನೆಂದರೆ ಭಾನುವಾರ ರಾತ್ರಿಯವರೆಗೆ ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರ (ಕನ್ಸೋಲ್) ನಮ್ಮಿಬ್ಬರದೇ. ಅವನು ಯಾವ ಆಟ ತೆರೆದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಕ್ವಾಲಿಟಿ ಮೋಡ್ ಹಾಕುತ್ತಾನೆ. ಕಂಟ್ರೋಲರ್ ನನ್ನ ಕೈಗೆ ಬಂದೊಡನೆ ನಾನು ಅದನ್ನು ಪರ್ಫಾರ್ಮೆನ್ಸ್ ಮೋಡ್‌ಗೆ ಬದಲಿಸುತ್ತೇನೆ. ಮೊದಲನೆಯದರಲ್ಲಿ ಹೆಚ್ಚಾಗಿ 4ಕೆಗೆ ಹತ್ತಿರದ ಚಿತ್ರ ಸೆಕೆಂಡಿಗೆ 30 ಫ್ರೇಮ್‌ನಂತೆ, ಅಂದರೆ 30 ಬಿಡಿ ಚಿತ್ರಗಳಂತೆ, ಬರುತ್ತದೆ. ಎರಡನೆಯದರಲ್ಲಿ 1440ಪಿ ಅಥವಾ ಅದಕ್ಕಿಂತ ಕಡಿಮೆ ರೆಸಲ್ಯೂಶನ್‌ನ (ಚುಕ್ಕೆಗಳ ಸಂಖ್ಯೆಯ) ಚಿತ್ರ 60 ಫ್ರೇಮ್‌ನಂತೆ ಬರುತ್ತದೆ. "ಇಷ್ಟು ದುಡ್ಡು ಕೊಟ್ಟು 4ಕೆ ಟಿವಿ ತಂದು, 4ಕೆ ನೋಡದಿದ್ದರೆ ಹೇಗಣ್ಣ?" ಎಂಬುದು ಅವನ ಪ್ರಶ್ನೆ.

ಅವನಿಗೆ ಉತ್ತರ ಕೊಡಲು ನಾನು ಒಂದು ಲೆಕ್ಕ ಹಾಕಿದೆ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಅಂದರೆ ಒಟ್ಟು 82,94,400 ಚುಕ್ಕೆಗಳು. 1440ಪಿಯಲ್ಲಿ 36,86,400, 1080ಪಿಯಲ್ಲಿ 20,73,600 ಚುಕ್ಕೆಗಳು. 4ಕೆಯನ್ನು ಸೆಕೆಂಡಿಗೆ 30 ಬಾರಿ ಬರೆದರೆ ಸುಮಾರು 24 ಕೋಟಿ 88 ಲಕ್ಷ ಚುಕ್ಕೆಗಳಾಗುತ್ತವೆ. 1440ಪಿಯನ್ನು 60 ಬಾರಿ ಬರೆದರೆ 22 ಕೋಟಿ 11 ಲಕ್ಷ. 1080ಪಿಯನ್ನು 120 ಬಾರಿ ಬರೆದರೆ ಮತ್ತೆ ಅದೇ 24 ಕೋಟಿ 88 ಲಕ್ಷ. ಯಂತ್ರದ ದುಡಿಮೆ ಹೆಚ್ಚುಕಡಿಮೆ ಒಂದೇ ಆಗಿದ್ದು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಮಾತ್ರ ನಮ್ಮ ಆಯ್ಕೆ ಎಂದು ನನಗೆ ಅನ್ನಿಸಿತು.

ಎರಡನೆಯ ಲೆಕ್ಕ ಕಣ್ಣಿನದು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು ಎಂಬುದು ಕಣ್ಣಿನ ಪರೀಕ್ಷೆಯಲ್ಲಿ ಬಳಸುವ ಅಳತೆ. ನಮ್ಮದು 43 ಇಂಚಿನ ಟಿವಿ. ಅದರ ಅಗಲ ಸುಮಾರು 95 ಸೆಂಟಿಮೀಟರ್. 1080ಪಿಯಲ್ಲಿ ಒಂದು ಚುಕ್ಕೆ ಅರ್ಧ ಮಿಲಿಮೀಟರ್ ಆಗುತ್ತದೆ, ಮತ್ತು ಸುಮಾರು 1.7 ಮೀಟರ್, ಅಂದರೆ ಐದೂವರೆ ಅಡಿ ದಾಟಿದ ಮೇಲೆ ಆ ಚುಕ್ಕೆಯನ್ನು ಕಣ್ಣು ಬೇರ್ಪಡಿಸಲಾರದು. ನಮ್ಮ ಹಾಲ್‌ನಲ್ಲಿ ಸೋಫಾ ಇರುವುದು ಎಂಟು ಅಡಿ ದೂರದಲ್ಲಿ. ಹಾಗಿದ್ದ ಮೇಲೆ 1080ಪಿಗಿಂತ ಹೆಚ್ಚಿನದೆಲ್ಲ ನಮ್ಮ ಪಾಲಿಗೆ ವ್ಯರ್ಥ, 60 ಫ್ರೇಮ್ ಮಾತ್ರ ನಿಜವಾದ ಲಾಭ ಎಂಬುದು ನನ್ನ ನಿಲುವು. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ. ತಮ್ಮನ ಮುಂದೆ ಗೆಲ್ಲುವುದಕ್ಕಿಂತ ಸರಿಯಾದದ್ದನ್ನು ತಿಳಿದುಕೊಳ್ಳುವ ಆಸೆ ನನಗೆ ಹೆಚ್ಚು.

ಕೋಟೆ ರಸ್ತೆ, ಚಿತ್ರದುರ್ಗ

ನಿಮ್ಮ ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ನೀವು ಎರಡನ್ನೇ ತೂಗಿ ಮೂರನೆಯದನ್ನು ತಕ್ಕಡಿಯಿಂದ ಹೊರಗೆ ಬಿಟ್ಟಿದ್ದೀರಿ. ಕ್ವಾಲಿಟಿ ಮೋಡ್ ಎಂದರೆ ಚುಕ್ಕೆಗಳ ಸಂಖ್ಯೆಯಷ್ಟೇ ಅಲ್ಲ. ನೆರಳಿನ ಅಂಚು ಎಷ್ಟು ಮೃದುವಾಗಿದೆ, ಹುಲ್ಲು ಎಷ್ಟು ದಟ್ಟವಾಗಿದೆ, ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೇಗೆ ಚೆಲ್ಲುತ್ತದೆ, ದೂರದ ವಸ್ತುಗಳು ಎಷ್ಟು ದೂರದವರೆಗೆ ತಮ್ಮ ಆಕಾರ ಉಳಿಸಿಕೊಂಡಿರುತ್ತವೆ ಎಂಬುದೆಲ್ಲ ಅದರೊಳಗೆ ಬರುತ್ತದೆ. ಇವುಗಳನ್ನು ಐದೂವರೆ ಅಡಿಯ ನಿಯಮ ಅಳೆಯುವುದಿಲ್ಲ. ನೆರಳೇ ಇಲ್ಲದ ಮರವೊಂದು ಹತ್ತು ಅಡಿ ದೂರದಿಂದಲೂ ನೆರಳಿಲ್ಲದ ಮರವಾಗಿಯೇ ಕಾಣುತ್ತದೆ.

ನಾನು ಚಿಕ್ಕಂದಿನಿಂದ ಏಳು ಸುತ್ತಿನ ಕೋಟೆಯನ್ನು ಹತ್ತಿ ಇಳಿದು ಬೆಳೆದವಳು. ಮೇಲೆ ನಿಂತರೆ ಕಾಲ ಬುಡದಲ್ಲಿರುವ ಬಂಡೆಯ ಬಿರುಕೂ ಕಾಣುತ್ತದೆ, ದೂರದ ಗುಡ್ಡಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳೂ ಕಾಣುತ್ತವೆ. ಆಟದಲ್ಲಿ ಅಂಥ ನೋಟವನ್ನು ಕಟ್ಟುವಾಗ ದೂರದ ಬಂಡೆಗೆ ಬದಲಾಗಿ ಅದರ ಸರಳ ಪ್ರತಿಯೊಂದನ್ನು ನಿಲ್ಲಿಸುತ್ತಾರೆ, ನಾವು ಹತ್ತಿರ ಹೋದಂತೆ ಅದನ್ನು ತೆಗೆದು ಅಸಲಿ ಬಂಡೆಯನ್ನು ಇಡುತ್ತಾರೆ. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಹಲವು ಆಟಗಳು ಈ ಬದಲಾವಣೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವುದರಿಂದ ಗಿಡಗಳೂ ಕಲ್ಲುಗಳೂ ಕಣ್ಣ ಮುಂದೆಯೇ ಥಟ್ಟನೆ ಮೊಳೆಯುತ್ತವೆ. ಲೋಕವೊಂದನ್ನು ಸುಮ್ಮನೆ ಸುತ್ತಾಡಿ ನೋಡಲು ಆಡುವ ನನ್ನಂಥವರಿಗೆ ಇದು ಬಹಳ ನೋವಿನ ಸಂಗತಿ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 2020ರ ನವೆಂಬರ್‌ನಲ್ಲಿ ಬಂದ ಸ್ಪೈಡರ್‌ಮ್ಯಾನ್: ಮೈಲ್ಸ್ ಮೊರಾಲೆಸ್ ಆಟದಲ್ಲಿ ಮೊದಲು ಎರಡೇ ಮೋಡ್‌ಗಳಿದ್ದವು. ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್‌ನಿಂದ ಮೂಡಿದ ಗಾಜಿನ ಪ್ರತಿಬಿಂಬ ಬೇಕೆಂದರೆ 30 ಫ್ರೇಮ್, 60 ಬೇಕೆಂದರೆ ಆ ಪ್ರತಿಬಿಂಬವಿಲ್ಲ. ಅದೇ ಡಿಸೆಂಬರ್‌ನಲ್ಲಿ ಬಂದ ಅಪ್‌ಡೇಟ್ ಮೂರನೆಯ ಮೋಡ್ ತಂದಿತು: ರೆಸಲ್ಯೂಶನ್, ಪ್ರತಿಬಿಂಬದ ಗುಣಮಟ್ಟ ಮತ್ತು ಬೀದಿಯ ಜನಸಂದಣಿ ಮೂರನ್ನೂ ಸ್ವಲ್ಪ ಸ್ವಲ್ಪ ತಗ್ಗಿಸಿ, ಪ್ರತಿಬಿಂಬವನ್ನು ಉಳಿಸಿಕೊಂಡೇ 60 ಫ್ರೇಮ್ ಕೊಟ್ಟರು. ನನಗೆ ಇಷ್ಟವಾದ ದಾರಿ ಅದು. ನಿಮ್ಮ ತಮ್ಮನ ಪರವಾಗಿ ನಾನು ಹೇಳುವುದಿಷ್ಟೇ: ಅವನು ಬಯಸುತ್ತಿರುವುದು 4ಕೆ ಎಂಬ ಹೆಸರನ್ನಲ್ಲ, ಆ ಮೋಡ್‌ನ ಜೊತೆಗೆ ಬರುವ ಬೆಳಕು ನೆರಳನ್ನು ಇರಬಹುದು. ಕೇಳಿ ನೋಡಿ.

ಪಾರ್ಲರ್ ನಡೆಸುವವ, ದಾವಣಗೆರೆ

ನಾನು ಕಾಲೇಜಿನ ಹತ್ತಿರ ನಾಲ್ಕು ಕನ್ಸೋಲ್ ಇಟ್ಟು ಗಂಟೆಯ ಲೆಕ್ಕದಲ್ಲಿ ಆಡಲು ಕೊಡುತ್ತೇನೆ. ಬರುವ ಹುಡುಗರಲ್ಲಿ ಹೆಚ್ಚಿನವರು ಆಡುವುದು ಫುಟ್‌ಬಾಲ್ ಮತ್ತು ಹೊಡೆದಾಟದ ಆಟಗಳನ್ನು. ಅವೆಲ್ಲ 60 ಫ್ರೇಮ್‌ನಲ್ಲಿಯೇ ಓಡುತ್ತವೆ. ರೆಸಲ್ಯೂಶನ್ ಎಷ್ಟೆಂದು ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಆದರೆ "ಅಣ್ಣ, ಬಟನ್ ಒತ್ತಿದ್ದು ತಡವಾಗಿ ತಗೊಳ್ತಿದೆ" ಎಂಬ ದೂರನ್ನು ನೂರು ಬಾರಿ ಕೇಳಿದ್ದೇನೆ.

ಆ ದೂರಿಗೆ ಕಾರಣ ಆಟವೂ ಅಲ್ಲ, ಕನ್ಸೋಲೂ ಅಲ್ಲ, ಟಿವಿ ಆಗಿತ್ತು. ಸಿನಿಮಾ ಮೋಡ್‌ನಲ್ಲಿರುವ ಟಿವಿ ಪ್ರತಿ ಫ್ರೇಮ್ ಅನ್ನು ಹಿಡಿದಿಟ್ಟು ಬಣ್ಣ ತಿದ್ದಿ, ಚಲನೆಯನ್ನು ನುಣುಪುಗೊಳಿಸಿ, ಆಮೇಲೆ ತೋರಿಸುತ್ತದೆ; ಗೇಮ್ ಮೋಡ್ ಹಾಕಿದರೆ ಆ ಕೆಲಸಗಳನ್ನೆಲ್ಲ ಬದಿಗಿಟ್ಟು ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ನಾಲ್ಕೂ ಟಿವಿಗಳಲ್ಲಿ ಗೇಮ್ ಮೋಡ್ ಹಾಕಿದ ದಿನದಿಂದ ಪೆನಾಲ್ಟಿ ಕಿಕ್ ತಡವಾಯಿತೆಂಬ ಜಗಳ ನಿಂತುಹೋಯಿತು. ಲೆಕ್ಕ ಸರಳವಾಗಿದೆ. 30 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಒತ್ತಿದ ಬಟನ್ ಪರದೆಯ ಮೇಲೆ ಫಲ ಕೊಡಲು ಮೂರು ಫ್ರೇಮ್ ಹಿಡಿಯಿತೆಂದುಕೊಂಡರೆ ಒಂದು ಕಡೆ 100 ಮಿಲಿಸೆಕೆಂಡ್, ಇನ್ನೊಂದು ಕಡೆ 50. ಅದರ ಮೇಲೆ ಟಿವಿಯ ತಡ ಸೇರಿದರೆ ಯಾವ ಗೋಲ್‌ಕೀಪರ್ ತಾನೇ ಚೆಂಡು ಹಿಡಿದಾನು? ವಿದ್ಯಾನಗರದವರು ಮೋಡ್‌ಗಳ ವಾದಕ್ಕೆ ಮೊದಲು ತಮ್ಮ ಟಿವಿಯ ಈ ಒಂದು ಸೆಟ್ಟಿಂಗ್ ನೋಡಿಕೊಳ್ಳಲಿ.

ಪಾಠದ ಮೇಷ್ಟ್ರು, ದಾವಣಗೆರೆ

ಇಲ್ಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಮಾಡುತ್ತೇನೆ. ಆದುದರಿಂದ ಈ ಚರ್ಚೆಯನ್ನು ಓದಿ ಸುಮ್ಮನಿರಲಾಗಲಿಲ್ಲ. ಮೊದಲ ಬರಹದ ಎರಡು ಲೆಕ್ಕಗಳೂ ಗಣಿತವಾಗಿ ಸರಿಯಾಗಿವೆ. ಆದರೆ ಎರಡರಿಂದಲೂ ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ, ಮತ್ತು ಉಳಿದರ್ಧವೇ ಈ ವಿಷಯದ ತಿರುಳು.

ಕಣ್ಣಿನ ಲೆಕ್ಕವನ್ನು ಮೊದಲು ತೆಗೆದುಕೊಳ್ಳೋಣ. ಎಂಟು ಅಡಿ ದೂರದಿಂದ 43 ಇಂಚಿನ ಪರದೆಯಲ್ಲಿ 1080ಪಿಯ ಒಂದು ಚುಕ್ಕೆಯನ್ನು ಪಕ್ಕದ ಚುಕ್ಕೆಯಿಂದ ಬೇರ್ಪಡಿಸಿ ನೋಡಲಾಗದು ಎಂಬುದು ನಿಜ. ಆದರೆ ರೆಸಲ್ಯೂಶನ್ ಇರುವುದು ಚುಕ್ಕೆಗಳನ್ನು ತೋರಿಸಲು ಮಾತ್ರವಲ್ಲ, ದೃಶ್ಯವನ್ನು ಸರಿಯಾಗಿ ಅಳೆಯಲು. ದೂರದಲ್ಲಿ ಒಂದು ವಿದ್ಯುತ್ ತಂತಿ ಇದೆ ಎಂದುಕೊಳ್ಳಿ; ಅದರ ದಪ್ಪ ಒಂದು ಚುಕ್ಕೆಗಿಂತ ಕಡಿಮೆ. ಆಟದ ಎಂಜಿನ್, ಅಂದರೆ ಚಿತ್ರವನ್ನು ಬರೆಯುವ ಸಾಫ್ಟ್‌ವೇರ್, ಪ್ರತಿ ಚುಕ್ಕೆಯ ಮಧ್ಯದಲ್ಲಿ "ಇಲ್ಲಿ ತಂತಿ ಇದೆಯೇ?" ಎಂದು ಕೇಳುತ್ತದೆ. ಒಂದು ಫ್ರೇಮ್‌ನಲ್ಲಿ ಇದೆ ಎಂಬ ಉತ್ತರ ಬರುತ್ತದೆ, ಕ್ಯಾಮೆರಾ ಕೂದಲೆಳೆಯಷ್ಟು ಸರಿದೊಡನೆ ಇಲ್ಲ ಎಂಬ ಉತ್ತರ ಬರುತ್ತದೆ. ಹೀಗೆ ತಂತಿ ತುಂಡು ತುಂಡಾಗಿ ಮಿನುಗುತ್ತದೆ. ಎಲೆಗಳು, ಕೂದಲು, ಬೇಲಿ, ಜಾಲರಿ ಎಲ್ಲದರ ಕಥೆಯೂ ಇದೇ. ಚುಕ್ಕೆಯನ್ನು ಕಾಣಲಾರದ ಕಣ್ಣು ಮಿನುಗನ್ನು ಬಹಳ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಚಲನೆಯನ್ನೂ ಬೆಳಕಿನ ಏರಿಳಿತವನ್ನೂ ಗುರುತಿಸುವಲ್ಲಿ ನಮ್ಮ ದೃಷ್ಟಿ ಬಲು ಚುರುಕು. ಎರಡು ಗೆರೆಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂಡಿಲ್ಲವೆಂಬುದನ್ನು ಕಣ್ಣು ಆ ಅರವತ್ತನೆಯ ಒಂದು ಭಾಗಕ್ಕಿಂತ ಎಷ್ಟೋ ಸಣ್ಣ ಅಂತರದಲ್ಲಿಯೂ ಹಿಡಿಯಬಲ್ಲದು. ಆದ್ದರಿಂದ ಐದೂವರೆ ಅಡಿಯ ಗೆರೆ ನಿಂತ ಚಿತ್ರಕ್ಕೆ ಹೊಂದುತ್ತದೆ, ಓಡುವ ಆಟಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ.

ಈ ಮಿನುಗನ್ನು ಅಡಗಿಸಲು ಈಗಿನ ಆಟಗಳು ಹಿಂದಿನ ಫ್ರೇಮ್‌ಗಳ ನೆನಪನ್ನು ಬಳಸುತ್ತವೆ. ಹಿಂದಿನ ಕೆಲವು ಫ್ರೇಮ್‌ಗಳಲ್ಲಿ ಕಂಡದ್ದನ್ನು ಚಲನೆಗೆ ತಕ್ಕಂತೆ ಸರಿಸಿ, ಇಂದಿನ ಫ್ರೇಮ್‌ನೊಂದಿಗೆ ಬೆರೆಸಿ, ಕಡಿಮೆ ಚುಕ್ಕೆಗಳಿಂದ ಹೆಚ್ಚು ಚುಕ್ಕೆಗಳ ಚಿತ್ರವನ್ನು ಕಟ್ಟುತ್ತವೆ. 2022ರಲ್ಲಿ ಬಂದ ಎಫ್‌ಎಸ್‌ಆರ್ 2, 2024ರ ಪ್ಲೇಸ್ಟೇಷನ್ 5 ಪ್ರೋದಲ್ಲಿ ಬಂದ ಪಿಎಸ್‌ಎಸ್‌ಆರ್ ಎರಡೂ ಈ ಕುಲದವು. ನಿಂತು ನೋಡಿದಾಗ ಇವು ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಓಡುವ ಪಾತ್ರದ ಬೆನ್ನ ಹಿಂದಿನಿಂದ ಹೊಸದಾಗಿ ತೆರೆದುಕೊಳ್ಳುವ ಜಾಗಕ್ಕೆ ಹಿಂದಿನ ನೆನಪು ಇರುವುದಿಲ್ಲ, ಅಲ್ಲಿ ಚಿತ್ರ ಒಡೆಯುತ್ತದೆ ಅಥವಾ ಮಸುಕಾಗುತ್ತದೆ. ಮೂಲ ಚುಕ್ಕೆಗಳು ಕಡಿಮೆಯಾದಷ್ಟೂ ಈ ಒಡಕು ಹೆಚ್ಚು. 2024ರ ಫೆಬ್ರವರಿಯಲ್ಲಿ ಬಂದ ಫೈನಲ್ ಫ್ಯಾಂಟಸಿ 7 ರೀಬರ್ತ್‌ನ ಪರ್ಫಾರ್ಮೆನ್ಸ್ ಮೋಡ್ ಮಸುಕಾಗಿದೆಯೆಂದು ಆಟಗಾರರು ವ್ಯಾಪಕವಾಗಿ ಹೇಳಿದ್ದು, ಮುಂದೆ ಅಪ್‌ಡೇಟ್‌ಗಳಲ್ಲಿ ಅದನ್ನು ತಿದ್ದಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಅಷ್ಟು ಜನರೂ ಪರದೆಗೆ ಮೂಗು ಒತ್ತಿ ಕುಳಿತವರಲ್ಲ.

ಇನ್ನು ಯಂತ್ರದ ದುಡಿಮೆಯ ಲೆಕ್ಕ. ಚುಕ್ಕೆಗಳನ್ನು ಬರೆಯುವುದು ಗ್ರಾಫಿಕ್ಸ್ ಚಿಪ್‌ನ ಕೆಲಸ. ಅದು ರೆಸಲ್ಯೂಶನ್‌ಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಆಟದಲ್ಲಿರುವ ಜನರು ಎತ್ತ ನಡೆಯಬೇಕು, ಬಿದ್ದ ಪೆಟ್ಟಿಗೆ ಹೇಗೆ ಉರುಳಬೇಕು, ಯಾವ ವಸ್ತುವನ್ನು ಬರೆಯಬೇಕು ಎಂದು ನಿರ್ಧರಿಸುವುದು ಪ್ರೊಸೆಸರ್‌ನ ಕೆಲಸ, ಮತ್ತು ಅದಕ್ಕೆ ರೆಸಲ್ಯೂಶನ್‌ನ ಹಂಗಿಲ್ಲ. 30ರಿಂದ 60 ಫ್ರೇಮ್‌ಗೆ ಹೋದರೆ ಆ ಕೆಲಸದ ಬಹುಪಾಲನ್ನು ಅರ್ಧ ಸಮಯದಲ್ಲಿ ಮುಗಿಸಬೇಕಾಗುತ್ತದೆ. 2013ರ ಪ್ಲೇಸ್ಟೇಷನ್ 4ರಲ್ಲಿದ್ದ ಜಾಗ್ವಾರ್ ಪ್ರೊಸೆಸರ್ 1.6 ಗಿಗಾಹರ್ಟ್ಝ್ ವೇಗದ್ದು, ಅದರ ಕಾಲಕ್ಕೂ ದುರ್ಬಲವೇ. ಆ ಪೀಳಿಗೆಯ ದೊಡ್ಡ ಆಟಗಳು ಬಹುಮಟ್ಟಿಗೆ 30ರಲ್ಲಿಯೇ ನಿಂತದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ಪ್ಲೇಸ್ಟೇಷನ್ 5ರಲ್ಲಿ ಝೆನ್ 2 ಪ್ರೊಸೆಸರ್ 3.5 ಗಿಗಾಹರ್ಟ್ಝ್‌ವರೆಗೆ ಓಡುತ್ತದೆ. ಮೋಡ್ ಆಯ್ಕೆ ಮಾಡುವ ಭಾಗ್ಯ ನಮಗೆ ಬಂದದ್ದೇ ಅದರಿಂದ. ಆದರೂ 2024ರ ಡ್ರ್ಯಾಗನ್ಸ್ ಡಾಗ್ಮಾ 2 ಆಟದ ಪಟ್ಟಣಗಳಲ್ಲಿ ಫ್ರೇಮ್ ರೇಟ್ ಕುಸಿಯುತ್ತಿತ್ತು, ಏಕೆಂದರೆ ಅಲ್ಲಿ ಓಡಾಡುವ ಪ್ರತಿಯೊಂದು ಪಾತ್ರದ ಲೆಕ್ಕ ಪ್ರೊಸೆಸರ್ ಮೇಲೆ ಬೀಳುತ್ತಿತ್ತು. ಅಂಥ ಕಡೆ 4ಕೆಯನ್ನು 1080ಪಿಗೆ ಇಳಿಸಿದರೂ ಫ್ರೇಮ್ ಮೇಲೇರುವುದಿಲ್ಲ. 24 ಕೋಟಿ ಚುಕ್ಕೆಗಳನ್ನು ಬೇಕಾದಂತೆ ಹಂಚಬಹುದೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಸುಹೊಕ್ಕು, ಮೊಳಕಾಲ್ಮೂರು

ಮೇಷ್ಟ್ರು ಹೇಳಿದ ಮಿನುಗು ನಮ್ಮ ಮನೆಯಲ್ಲಿ ಹಳೆಯ ಪರಿಚಯ. ನಮ್ಮದು ರೇಷ್ಮೆ ಸೀರೆ ನೇಯುವ ಮನೆತನ. ಸಣ್ಣ ಚೌಕುಳಿಯ ಸೀರೆ ಉಟ್ಟು ಟಿವಿಯಲ್ಲಿ ವಾರ್ತೆ ಓದುವವರು ಸ್ವಲ್ಪ ಅಲುಗಾಡಿದರೂ ಸೀರೆಯ ಮೇಲೆ ಇಲ್ಲದ ಬಣ್ಣದ ಅಲೆಗಳು ಏಳುತ್ತಿದ್ದವು. ನಮ್ಮಪ್ಪ ಅದನ್ನು ನೋಡಿ, ಸೀರೆಯ ಎಳೆ ಟಿವಿಯ ಎಳೆಗಿಂತ ಸಣ್ಣದು, ಅದಕ್ಕೇ ಹೀಗೆ ಎನ್ನುತ್ತಿದ್ದರು. ಈಗ ಯೋಚಿಸಿದರೆ ಅವರು ಹೇಳಿದ್ದು ಇದನ್ನೇ.

ನನ್ನದು ಇನ್ನೊಂದು ಅನುಭವವಿದೆ. ಮಗ್ಗದಲ್ಲಿ ಇಂಚಿಗೆ ಎಷ್ಟು ಎಳೆ ಹಾಕುತ್ತೀರಿ ಎಂಬುದು ಒಂದು, ದಿನಕ್ಕೆ ಎಷ್ಟು ಗಜ ಇಳಿಸುತ್ತೀರಿ ಎಂಬುದು ಇನ್ನೊಂದು, ಅಂಚಿನಲ್ಲಿ ಎಷ್ಟು ಬುಟ್ಟಾ ಕೂಡಿಸುತ್ತೀರಿ ಎಂಬುದು ಮೂರನೆಯದು. ಮೂರನ್ನೂ ಒಟ್ಟಿಗೆ ಹೆಚ್ಚಿಸಲು ಯಾವ ನೇಕಾರನಿಂದಲೂ ಆಗದು. ಆದರೆ ಇವು ಮೂರಕ್ಕಿಂತ ಮುಖ್ಯವಾದದ್ದು ಒಂದಿದೆ: ಲಾಳಿ ಒಂದೇ ಹದದಲ್ಲಿ ಓಡಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಎಷ್ಟು ಎಳೆ ಹಾಕಿದ್ದರೂ ಬಟ್ಟೆ ಕೆಟ್ಟಿತು. 2015ರಲ್ಲಿ ಬಂದ ಬ್ಲಡ್‌ಬೋರ್ನ್ ಆಡುವಾಗ ನನಗೆ ಇದೇ ನೆನಪಾಗುತ್ತಿತ್ತು. ಸರಾಸರಿ 30 ಎಂದು ಬರೆದಿದ್ದರೂ ಒಂದು ಫ್ರೇಮ್ ಬೇಗ, ಮುಂದಿನದು ತಡವಾಗಿ ಬರುತ್ತಿತ್ತು. ಆ ಅಸಮತೆಯಿಂದ 30 ಇನ್ನೂ ಕಡಿಮೆಯೆಂಬಂತೆ ತೋರುತ್ತಿತ್ತು. ಆಟ ನನಗೆ ಅತ್ಯಂತ ಪ್ರಿಯವಾದದ್ದು, ಆದುದರಿಂದಲೇ ಆ ಕೊರತೆ ಹೆಚ್ಚು ಕಾಡಿತು. ಏರಿಳಿಯುವ 50ಕ್ಕಿಂತ ಅಲುಗದ 30 ನನಗೆ ಮೇಲು.

ವಿದ್ಯಾನಗರದವನು, ದಾವಣಗೆರೆ

ಮೇಷ್ಟ್ರಿಗೆ, ಮೇಡಂ ಅವರಿಗೆ, ಮೊಳಕಾಲ್ಮೂರಿನವರಿಗೆ ಮನಃಪೂರ್ವಕ ಧನ್ಯವಾದಗಳು. ನಿಂತ ಚಿತ್ರದ ನಿಯಮವನ್ನು ಓಡುವ ಚಿತ್ರಕ್ಕೆ ಹಚ್ಚಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಪಾರ್ಲರ್ ಅಣ್ಣ ಹೇಳಿದಂತೆ ಟಿವಿಯನ್ನೂ ನೋಡಿದೆ. ಗೇಮ್ ಮೋಡ್ ಹಾಕಿರಲಿಲ್ಲ. ಈಗ 30 ಫ್ರೇಮ್‌ನಲ್ಲಿಯೂ ಕೈಗೆ ಮೊದಲಿನ ಭಾರ ಅನ್ನಿಸುತ್ತಿಲ್ಲ. ಇಷ್ಟು ದಿನ ಟಿವಿಯ ತಡವನ್ನು ನಾನು ಫ್ರೇಮ್ ರೇಟ್‌ನ ಖಾತೆಗೆ ಬರೆಯುತ್ತಿದ್ದೆನೆಂದು ತೋರುತ್ತದೆ.

ಒಂದು ಹೊಸ ಪ್ರಶ್ನೆ. 40 ಫ್ರೇಮ್ ಮೋಡ್ ಎಂಬುದು ಇದೆಯೆಂದು ಓದಿ, ತಮ್ಮನಿಗೂ ನನಗೂ ಅದೇ ನಡುದಾರಿಯಾದೀತೆಂದು ಹುಡುಕಿದರೆ ನಮ್ಮ ಕನ್ಸೋಲ್‌ನಲ್ಲಿ ಅದು ಕಾಣಿಸುತ್ತಲೇ ಇಲ್ಲ. ಟಿವಿ ಕೊಳ್ಳುವಾಗ ಅಂಗಡಿಯವರು ಪೆಟ್ಟಿಗೆಯ ಮೇಲಿನ "ಮೋಷನ್ 120" ಎಂಬ ಅಕ್ಷರವನ್ನು ತೋರಿಸಿ ಇದು 120 ಹರ್ಟ್ಝ್, ಅಂದರೆ ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ ಪರದೆ ಎಂದೇ ಹೇಳಿದ್ದರು. ಆ ಮಾತನ್ನು ನಂಬಿ ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೊಟ್ಟೆವು.

ಪಾಠದ ಮೇಷ್ಟ್ರು, ದಾವಣಗೆರೆ

ಆ ಅಕ್ಷರಕ್ಕೆ ಪರದೆಯ ನಿಜವಾದ ರಿಫ್ರೆಶ್ ರೇಟ್‌ನೊಂದಿಗೆ ಸಂಬಂಧವಿಲ್ಲ. ಚಲನೆಯನ್ನು ನುಣುಪುಗೊಳಿಸುವ ಸಾಫ್ಟ್‌ವೇರ್‌ಗೆ ಕಂಪನಿಗಳು ಅಂಥ ಸಂಖ್ಯೆಗಳನ್ನು ಇಡುತ್ತವೆ. ನಿಮ್ಮ ಪರದೆ 60 ಹರ್ಟ್ಝ್‌ನದು, ಆದ್ದರಿಂದಲೇ ಮೋಡ್ ಕಾಣಿಸುತ್ತಿಲ್ಲ. ಮುಂದೆ ಟಿವಿ ಕೊಳ್ಳುವವರು "ಪ್ಯಾನೆಲ್ ಎಷ್ಟು ಹರ್ಟ್ಝ್, 4ಕೆಯಲ್ಲಿ 120 ಒಳಗೆ ತೆಗೆದುಕೊಳ್ಳುವ ಎಚ್‌ಡಿಎಂಐ 2.1 ಪೋರ್ಟ್ ಇದೆಯೇ" ಎಂಬ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದುಕೊಂಡೇ ಹಣ ಕೊಡಬೇಕು.

40ರ ವಿಷಯ ಬಹಳ ಸೊಗಸಾದದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 30ಕ್ಕೂ 60ಕ್ಕೂ ನಡುವಿನ ಸಂಖ್ಯೆ 45 ಎಂದು ಅನ್ನಿಸುತ್ತದೆ. ಆದರೆ ನಮ್ಮ ಕಣ್ಣಿಗೂ ಕೈಗೂ ತಟ್ಟುವುದು ಫ್ರೇಮ್‌ಗಳ ಸಂಖ್ಯೆಯಲ್ಲ, ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಇರುವ ಕಾಯುವಿಕೆ. 30ರಲ್ಲಿ ಅದು 33.3 ಮಿಲಿಸೆಕೆಂಡ್, 60ರಲ್ಲಿ 16.7, ಇವೆರಡರ ಸರಿಯಾದ ನಡು 25, ಅಂದರೆ ಸೆಕೆಂಡಿಗೆ 40 ಫ್ರೇಮ್. ಹತ್ತೇ ಫ್ರೇಮ್ ಹೆಚ್ಚಿಸಿ ಅರ್ಧ ದಾರಿ ನಡೆದಂತಾಗುತ್ತದೆ. 120 ಹರ್ಟ್ಝ್ ಪರದೆಯಲ್ಲಿ ಪ್ರತಿ ಫ್ರೇಮ್ ಸರಿಯಾಗಿ ಮೂರು ಬಾರಿ ತೋರುತ್ತದೆ, ಹಾಗಾಗಿ ನಡಿಗೆ ಸಮವಾಗಿರುತ್ತದೆ. 60 ಹರ್ಟ್ಝ್ ಪರದೆಯಲ್ಲಿ 40 ಸಮವಾಗಿ ಭಾಗವಾಗದು: ಒಂದು ಫ್ರೇಮ್ 16.7 ಮಿಲಿಸೆಕೆಂಡ್ ನಿಂತರೆ ಮುಂದಿನದು 33.3 ನಿಲ್ಲಬೇಕಾಗುತ್ತದೆ. ಮೊಳಕಾಲ್ಮೂರಿನವರು ಹೇಳಿದ ಬಿಗಿ ಸಡಿಲಿನ ಬಟ್ಟೆ ಅದೇ. 2021ರಲ್ಲಿ ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಆಟಕ್ಕೆ ಅಪ್‌ಡೇಟ್ ಮೂಲಕ ಈ ಮೋಡ್ ಬಂದಿತು, ಕ್ವಾಲಿಟಿ ಮೋಡ್‌ನ ಅಂದವನ್ನು ಬಹುತೇಕ ಉಳಿಸಿಕೊಂಡು ಕೈಗೆ ಹಗುರವೆನಿಸುವ ಆಟವನ್ನು ಅದು ಕೊಟ್ಟಿತು. ಹೊರೈಝನ್ ಫರ್ಬಿಡನ್ ವೆಸ್ಟ್‌ಗೂ ಮುಂದೆ ಅಂಥದೇ ಮೋಡ್ ಸೇರಿತು.

ಅಸಮ ನಡಿಗೆಗೆ ಇನ್ನೊಂದು ಮದ್ದೆಂದರೆ ವಿಆರ್‌ಆರ್ (ಬದಲಾಗುವ ರಿಫ್ರೆಶ್ ರೇಟ್). ಅದರಲ್ಲಿ ಫ್ರೇಮ್ ಸಿದ್ಧವಾದಾಗ ಪರದೆಯೇ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳುತ್ತದೆ. ಪ್ಲೇಸ್ಟೇಷನ್ 5ಕ್ಕೆ ಇದು 2022ರ ಏಪ್ರಿಲ್‌ನಲ್ಲಿ ಬಂದಿತು. 48ರಿಂದ 120 ಹರ್ಟ್ಝ್‌ನೊಳಗೆ ಕೆಲಸ ಮಾಡುತ್ತದೆ. 60ರ ಗುರಿಯಿಟ್ಟು ಆಗಾಗ 52, 55ಕ್ಕೆ ಜಾರುವ ಆಟಕ್ಕೆ ಇದು ವರದಾನ. ಇದಕ್ಕೂ ತಕ್ಕ ಟಿವಿ ಬೇಕು.

ಹೊಳಲ್ಕೆರೆಯಿಂದ

ಇಲ್ಲಿ ಯಾರೂ ಪರದೆಯ ಜಾತಿಯ ಬಗ್ಗೆ ಮಾತಾಡಲಿಲ್ಲ. ನಮ್ಮಲ್ಲಿ ಹಳೆಯ ಎಲ್‌ಸಿಡಿ ಇದ್ದಾಗ 30 ಫ್ರೇಮ್ ಆಟಗಳು ನನಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ಹೋದ ವರ್ಷ 55 ಇಂಚಿನ ಒಎಲ್‌ಇಡಿ ತಂದು ಆರಡಿ ದೂರದಲ್ಲಿ ಕುಳಿತು ಅದೇ ಆಟವನ್ನು ಆಡಿದರೆ, ಕ್ಯಾಮೆರಾ ತಿರುಗಿಸಿದಾಗಲೆಲ್ಲ ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವಂತೆ ಕಂಡು ತಲೆ ಭಾರವಾಯಿತು. ಒಎಲ್‌ಇಡಿಯ ಚುಕ್ಕೆ ಕ್ಷಣದಲ್ಲಿ ಬಣ್ಣ ಬದಲಿಸಿ, ಮುಂದಿನ ಫ್ರೇಮ್‌ವರೆಗೆ ಅಲುಗದೆ ನಿಲ್ಲುತ್ತದೆ. ಎಲ್‌ಸಿಡಿಯಲ್ಲಿ ಹಳೆಯ ಫ್ರೇಮ್ ನಿಧಾನವಾಗಿ ಮಾಸುವುದರಿಂದ ಎರಡು ಫ್ರೇಮ್‌ಗಳ ನಡುವಿನ ಜಿಗಿತ ತುಸು ಮುಚ್ಚಿಹೋಗುತ್ತದೆ. ಹಾಗಾಗಿ "30 ಸಾಕು" ಎನ್ನುವವರೂ "30 ನೋಡಲಾಗದು" ಎನ್ನುವವರೂ ತಮ್ಮ ತಮ್ಮ ಮನೆಯ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು. ನನಗಂತೂ ಈಗ 60 ಬಿಟ್ಟರೆ ಬೇರೆಯದಿಲ್ಲ.

ಕೋಟೆ ರಸ್ತೆ, ಚಿತ್ರದುರ್ಗ

ಹೊಳಲ್ಕೆರೆಯವರ ಮಾತು ನನ್ನ ಕಣ್ಣು ತೆರೆಸಿತು. ನನ್ನದು ಏಳು ವರ್ಷ ಹಳೆಯ ಎಲ್‌ಸಿಡಿ. 30 ಫ್ರೇಮ್ ನನಗೆ ಏಕೆ ಹಿತವಾಗಿದೆ ಎಂಬುದಕ್ಕೆ ಇಷ್ಟು ಸರಳ ಕಾರಣವಿರಬಹುದೆಂದು ನಾನು ಎಣಿಸಿರಲಿಲ್ಲ.

ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಶ್ಯಾಡೋ ಆಫ್ ದಿ ಕೊಲೋಸಸ್ 2005ರಲ್ಲಿ ಪ್ಲೇಸ್ಟೇಷನ್ 2ರಲ್ಲಿ ಬಂದಾಗ ಆ ಯಂತ್ರದ ಶಕ್ತಿಗೆ ಮೀರಿದ ದೈತ್ಯರನ್ನು ಕಟ್ಟಿದ್ದರು. ದೈತ್ಯನ ಮೈಮೇಲಿನ ರೋಮ ಹಿಡಿದು ಹತ್ತುವಾಗ ಫ್ರೇಮ್ ರೇಟ್ 30ನ್ನೂ ಮುಟ್ಟದೆ ತೆವಳುತ್ತಿತ್ತು. 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಅದನ್ನು ಹೊಸದಾಗಿ ಕಟ್ಟಿದಾಗ, ಪ್ರೋ ಯಂತ್ರದಲ್ಲಿ 60 ಫ್ರೇಮ್‌ನ ಮೋಡ್ ಒಂದು, 1440ಪಿಯ 30 ಫ್ರೇಮ್ ಮೋಡ್ ಇನ್ನೊಂದು ಕೊಟ್ಟರು. ಆಡಲು 60 ಎಷ್ಟೋ ಸುಖ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 2005ರಲ್ಲಿ ಅದನ್ನು ಮಾಡಿದವರು "60 ಬರುವುದಿಲ್ಲ, ಆದ್ದರಿಂದ ದೈತ್ಯನನ್ನು ಚಿಕ್ಕದು ಮಾಡೋಣ" ಎಂದು ಹೊರಟಿದ್ದರೆ ಆ ಆಟವೇ ಹುಟ್ಟುತ್ತಿರಲಿಲ್ಲ. ಎಲ್ಲ ಆಟಕ್ಕೂ 60 ಕಡ್ಡಾಯವಾಗಬೇಕು ಎಂದು ಕೆಲವರು ಕೂಗುವುದನ್ನು ಕೇಳಿದಾಗ ನನಗೆ ಆತಂಕವಾಗುವುದು ಈ ಕಾರಣಕ್ಕೆ. ಎಷ್ಟು ದೊಡ್ಡ ಲೋಕವನ್ನು ಕಲ್ಪಿಸಬಹುದು ಎಂಬ ಮಿತಿಯನ್ನು ಮಾಡುವವರ ಮೇಲೆ ಹೇರಬಾರದು.

ಪಾಠದ ಮೇಷ್ಟ್ರು, ದಾವಣಗೆರೆ

ಮೇಡಂ ಅವರ ಮಾತಿನಲ್ಲಿ ಹುರುಳಿದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಟಾರ್‌ಫೀಲ್ಡ್ ಆಟ ಮೈಕ್ರೋಸಾಫ್ಟ್‌ನ ಕನ್ಸೋಲ್ ಆದ ಎಕ್ಸ್‌ಬಾಕ್ಸ್‌ನಲ್ಲಿ 30ಕ್ಕೆ ಕಟ್ಟಿಹಾಕಿ ಬಂದಾಗ ಬಹಳ ಜನ ಸಿಟ್ಟಾದರು. 2024ರ ಮೇ ತಿಂಗಳಿನ ಅಪ್‌ಡೇಟ್‌ನಲ್ಲಿ ಅದರ ಸೀರೀಸ್ ಎಕ್ಸ್ ಮಾದರಿಗೆ 60ರ ಆಯ್ಕೆ ಬಂದಿತು. ಮೊದಲು ಸ್ಥಿರವಾದ 30, ಆಮೇಲೆ ತಿದ್ದಿ ತೀಡಿ 60 ಎಂಬ ಕ್ರಮ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಕಾರಿನ ಓಟ, ಹೊಡೆದಾಟ, ಗುರಿಯಿಟ್ಟು ಸುಡುವ ಆಟಗಳಲ್ಲಿ 60 ಅಂದವಲ್ಲ, ಆಟದ ನಿಯಮದ ಭಾಗ. ಗ್ರ್ಯಾನ್ ಟೂರಿಸ್ಮೊ 7 ಈ ವಿವೇಕವನ್ನು ತೋರಿಸಿತು: 2022ರಲ್ಲಿ ಬಂದಾಗ ರೇ ಟ್ರೇಸಿಂಗ್ ಅನ್ನು ರೀಪ್ಲೇ, ಗ್ಯಾರೇಜ್, ಫೋಟೊ ತೆಗೆಯುವ ಕಡೆಗಳಿಗೆ ಮಾತ್ರ ಇಟ್ಟುಕೊಂಡು ಓಟದ ಹೊತ್ತಿಗೆ 60ನ್ನು ಕಾಪಾಡಿತು. ಸ್ಟೀರಿಂಗ್ ಹಿಡಿದವನು ಬಾನೆಟ್ ಮೇಲಿನ ಪ್ರತಿಬಿಂಬ ನೋಡುತ್ತ ಕೂರುವುದಿಲ್ಲ, ತಿರುವನ್ನು ನೋಡುತ್ತಾನೆ.

ಹರಿಹರದ ಹೊಸಬ

ನನ್ನ ಬಳಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು 32 ಇಂಚಿನ 1080ಪಿ ಟಿವಿ ಇವೆ. ಹಾಸಿಗೆಯಿಂದ ಐದಡಿ. ನಾನು ಟಿವಿ ಬದಲಿಸಬೇಕೇ?

ಪಾರ್ಲರ್ ನಡೆಸುವವ, ದಾವಣಗೆರೆ

ಬೇಡ ತಮ್ಮ. ಆ ಕನ್ಸೋಲ್ 1440ಪಿಯನ್ನು ಗುರಿಯಾಗಿಟ್ಟುಕೊಂಡು ಮಾಡಿದ್ದು, ಅದರಲ್ಲಿ ಎಷ್ಟೋ ಆಟಗಳು ಅದಕ್ಕಿಂತ ಕಡಿಮೆಯಲ್ಲಿಯೇ ಓಡುತ್ತವೆ. ಅದು ಬರೆದ ಹೆಚ್ಚಿನ ಚುಕ್ಕೆಗಳನ್ನು 1080ಪಿಗೆ ಕುಗ್ಗಿಸಿ ತೋರಿಸಿದಾಗ ಅಂಚುಗಳು ಇನ್ನೂ ನುಣುಪಾಗುತ್ತವೆ. ಗೇಮ್ ಮೋಡ್ ಹಾಕಿಕೊಂಡು ನೆಮ್ಮದಿಯಾಗಿ ಆಡಿ. ದುಡ್ಡನ್ನು ಆಟಗಳಿಗೆ ಇಟ್ಟುಕೊಳ್ಳಿ.

ವಿದ್ಯಾನಗರದವನು, ದಾವಣಗೆರೆ

ಭಾನುವಾರ ನಾವಿಬ್ಬರೂ ಕುಳಿತು ಪರೀಕ್ಷೆ ಮಾಡಿದೆವು. ಅದನ್ನು ಇಲ್ಲಿ ವರದಿ ಮಾಡುವುದು ನನ್ನ ಕರ್ತವ್ಯ. ಒಬ್ಬರು ಹೊರಗೆ ನಿಂತಿರುವಾಗ ಇನ್ನೊಬ್ಬರು ಮೋಡ್ ಆರಿಸುವುದು, ಒಳಗೆ ಬಂದವರು ಎಂಟು ಅಡಿ ದೂರದ ಸೋಫಾದಲ್ಲಿ ಕುಳಿತು ಯಾವುದೆಂದು ಹೇಳುವುದು. ಪ್ರತಿ ಪರೀಕ್ಷೆಯನ್ನೂ ಹತ್ತು ಬಾರಿ.

ಕ್ಯಾಮೆರಾ ಅಲುಗಿಸದೆ ನಿಂತ ದೃಶ್ಯವನ್ನು ನೋಡಿದಾಗ ಇಬ್ಬರೂ ಊಹೆ ಮಾಡುತ್ತಿದ್ದೆವಷ್ಟೇ. ನಾನು ಹತ್ತರಲ್ಲಿ ಐದು, ಅವನು ಆರು ಸರಿ ಹೇಳಿದೆವು. ಕಾಡಿನ ನಡುವೆ ನಡೆಯಲು ಬಿಟ್ಟಾಗ ಎಲೆಗಳ ಮಿನುಗಿನಿಂದ ತಮ್ಮ ಹತ್ತಕ್ಕೆ ಒಂಬತ್ತು ಬಾರಿ ಪರ್ಫಾರ್ಮೆನ್ಸ್ ಮೋಡ್ ಯಾವುದೆಂದು ಗುರುತಿಸಿದ, ಮತ್ತು ಅವನು ಬೆರಳಿಟ್ಟು ತೋರಿಸಿದ ಮೇಲೆ ನನಗೂ ಅದು ಕಾಣದೆ ಇರಲಿಲ್ಲ. ಕಂಟ್ರೋಲರ್ ಕೈಯಲ್ಲಿ ಹಿಡಿದಾಗ 30 ಯಾವುದು, 60 ಯಾವುದು ಎಂಬುದನ್ನು ಇಬ್ಬರೂ ಒಮ್ಮೆಯೂ ತಪ್ಪಲಿಲ್ಲ. ಮೇಡಂ ಹೇಳಿದ್ದಂತೆ ಅವನನ್ನು ಕೇಳಿದೆ. ಅವನಿಗೆ ಬೇಕಾಗಿದ್ದದ್ದು ನಿಜವಾಗಿಯೂ 4ಕೆ ಅಲ್ಲ. ಗಿಡಗಳು ಕಣ್ಣ ಮುಂದೆ ಥಟ್ಟನೆ ಹುಟ್ಟಬಾರದು, ಎಲೆಗಳು ಮಿನುಗಬಾರದು, ಅಷ್ಟೇ.

ಸುತ್ತಾಡಿ ನೋಡುವ ಎರಡು ಆಟಗಳನ್ನು ಕ್ವಾಲಿಟಿ ಮೋಡ್‌ನಲ್ಲಿ ಬಿಟ್ಟಿದ್ದೇವೆ. ಕಾರು ಮತ್ತು ಕತ್ತಿಯ ಆಟಗಳನ್ನು 60ರಲ್ಲಿ. ಸ್ಪೈಡರ್‌ಮ್ಯಾನ್‌ಗೆ ಆ ಮೂರನೆಯ ಮೋಡ್. ಕನ್ಸೋಲ್‌ನ ಸೆಟ್ಟಿಂಗ್ಸ್‌ನೊಳಗೆ ಗೇಮ್ ಪ್ರೀಸೆಟ್ಸ್ ಎಂಬ ಕಡೆ ಎಲ್ಲ ಹೊಸ ಆಟಗಳಿಗೂ ಯಾವ ಮೋಡ್ ಬೇಕೆಂದು ಮೊದಲೇ ಹೇಳಿಡಬಹುದು. ಅಲ್ಲಿ ಪರ್ಫಾರ್ಮೆನ್ಸ್ ಇಡಲು ತಮ್ಮ ಒಪ್ಪಿದ್ದಾನೆ. ಅದಕ್ಕೆ ಬದಲಾಗಿ, ಹೊಸ ಆಟ ತಂದ ಮೊದಲ ಒಂದು ಗಂಟೆ ಕ್ವಾಲಿಟಿಯಲ್ಲಿ ನೋಡಬೇಕೆಂಬ ಅವನ ಮಾತಿಗೆ ನಾನು ಒಪ್ಪಿದ್ದೇನೆ.